ಕಾಕಿಯ ಓಢಣಿ

ಮರುಭೂಮಿಯ ಮರಳಿನ ಮೇಲೆ ಶ್ರಾವಣದ ಹುಲ್ಲು ಎದ್ದಿತ್ತು. ಧಾಪು ಕಾಕಿ ಮೇಕೆಗಳನ್ನು ಮೇಯಲು ಬಿಟ್ಟು ಎಂದಿನಂತೆ ಅಲ್ಲೇ ಮೇಯುವ ಅಪರೂಪದ ಗೋಡಾವಣ ಹಕ್ಕಿಯತ್ತ ನಡೆದಳು. ಜೀಪು ಕಂಡರೆ ಹಾರುವ ಆ ಹಕ್ಕಿ ಅವಳು ತಲೆಗೆ ಹೊದೆಯುವ ಕೆಂಪು ಓಢಣಿಗೆ ಎಂದೂ ಬೆದರಿರಲಿಲ್ಲ. ಇಂದು ದೂರದಿಂದಲೇ ಕತ್ತೆತ್ತಿ ನೋಡಿ ಹಾರಿಹೋಯಿತು.

"ಅಯ್ಯೋ, ನಾನು ಕಣೇ!" ಎಂದ ಕಾಕಿ, ಹಿಂದೆ ಬರುತ್ತಿದ್ದ ಭಾವನ ಮಗನತ್ತ ತಿರುಗಿ ನಕ್ಕಳು. "ನೋಡೋ ಖೇತು, ಈ ಮುದುಕಿ ಮುಖ ಇವಳಿಗೂ ಸಾಕಾಯ್ತು."

ಪ್ರವಾಸಿಗರಿಗೆ ಹಕ್ಕಿ ತೋರಿಸುವ ಖೇತುದಾನ ನಗಲಿಲ್ಲ. "ಕಾಕೀ, ನಿನ್ನೆ ನೀನು ಒಣಹಾಕಿದ್ದ ಓಢಣೀನ, ಹಕ್ಕಿ ಬೆದರದಿರಲಿ ಅಂತ, ಒಬ್ಬ ಕ್ಯಾಮೆರಾದವನಿಗೆ ಹೊದಿಸಿ ಕಳಿಸಿದ್ದೆ. ಅವನು ತೀರಾ ಹತ್ತಿರ ಹೋಗಿಬಿಟ್ಟ."

ಕಾಕಿ ಬಯ್ಯಲಿಲ್ಲ. ಓಢಣಿ ತೆಗೆದು, ಮಡಚಿ, ಅವನ ಕೈಗಿಟ್ಟಳು. "ತಗೋ. ಇನ್ನು ಇದು ನಿನ್ನ ಕೆಲಸಕ್ಕೇ ಸರಿ."

ಹುಟ್ಟಿದ ಮೇಲೆ ಮೊದಲ ಸಲ ಕಾಕಿಯ ಬರಿತಲೆ ಕಂಡ ಖೇತುದಾನ, ಅವಳು ಮೇಕೆಗಳ ಹಿಂದೆ ನಡೆದು ಮರೆಯಾಗುವವರೆಗೂ ಕಣ್ಣೆತ್ತಲಿಲ್ಲ.