ಹಂಪಮ್ಮ ಟೀಚರ್ ಮಂಕಿ ಟೋಪಿ

ಏಪ್ರಿಲ್ ಬಿಸಿಲಲ್ಲೂ ಹಂಪಮ್ಮ ಟೀಚರ್ ಕಿವಿ ಮುಚ್ಚುವ ಮಂಕಿ ಟೋಪಿ ಹಾಕಿಕೊಂಡೇ ವಿಜ್ಞಾನ ಪಾಠ ಮಾಡುತ್ತಿದ್ದರು. ಉತ್ತರ ಗೊತ್ತಿದ್ದವರ ಕಿವಿ ದೀಪದ ಹಾಗೆ ಹೊತ್ತಿಕೊಳ್ಳುತ್ತದಲ್ಲ. ಅದು ಕಂಡರೆ ಸಾಕು, ಮಕ್ಕಳು "ಗೊತ್ತಿದೆಯಲ್ಲ ಟೀಚರ್, ನೀವೇ ಹೇಳಿಬಿಡಿ" ಎಂದು ಕೈಕಟ್ಟಿ ಕೂತುಬಿಡುತ್ತಿದ್ದರು.

ಅವರ ಜೊತೆ ಪಾಠ ಮಾಡಲು ವಿಶ್ವವಿದ್ಯಾಲಯದಿಂದ ಬಂದ ನಿರಂಜನ ಬರಿತಲೆಯಲ್ಲೇ ಬಂದಿದ್ದ.

"ಟೋಪಿ ತಂದಿಲ್ವೇನಪ್ಪ?"

"ಪಿಎಚ್‌ಡಿ ಮಾಡ್ತಿದ್ದೀನಿ ಮೇಡಂ. ಆರು ವರ್ಷದಿಂದ ಕಿವಿ ಹೊತ್ತಿಲ್ಲ."

ಅವನು ತನ್ನ ಸಂಶೋಧನೆಯ ಪ್ರಶ್ನೆಯನ್ನೇ ಮಕ್ಕಳ ಮುಂದಿಟ್ಟ. ಮಳೆ ಬರುವುದು ಇರುವೆಗಳಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ?

ಹಿಂದಿನ ಬೆಂಚಿನ ಶಮೀಮಳ ಎರಡೂ ಕಿವಿ ಝಗ್ಗನೆ ಹೊತ್ತಿದವು. ನಿರಂಜನ ನೋಟ್‌ಬುಕ್ ಹಿಡಿದು ಅವಳತ್ತ ಓಡಿದ.

ಅಷ್ಟರಲ್ಲಿ ಹಂಪಮ್ಮ ಟೀಚರ್ ತಮ್ಮ ಟೋಪಿ ತೆಗೆದು ಹುಡುಗಿಯ ತಲೆಗೆ ಹಾಕಿದ್ದರು.

"ಹೇಳ್ಬೇಡ ಶಮೀಮ್. ಸಾರ್ ತಾವಾಗಿಯೇ ಕಂಡುಹಿಡೀಲಿ."