ಪಾದರಸ ಕೊಡವಿದ ಸಂಜೆ

ಹಸಿ ಬಿಳಿ ಬಣ್ಣದ ವಾಸನೆ ಬಂದರೆ ಇವತ್ತಿಗೂ ನನಗೆ ಚಿಂತಾಮಣಿಯ ಹವಾಮಾನದ ಪೆಟ್ಟಿಗೆ ನೆನಪಾಗುತ್ತದೆ.

ಅರವತ್ತರ ದಶಕ. ಸ್ಕೂಲು ಮೇಷ್ಟ್ರಾಗಿದ್ದ ಅಪ್ಪ ಹವಾಮಾನ ಇಲಾಖೆಯ ಪರವಾಗಿ ದಿನವೂ ಸಂಜೆ ಐದೂವರೆಗೆ, ಸ್ಕೂಲಿನ ಅಂಗಳದಲ್ಲಿದ್ದ ಬಿಳಿ ಬಣ್ಣದ ಆ ಮರದ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿನ ಥರ್ಮಾಮೀಟರ್ ಓದುತ್ತಿದ್ದರು. ಹಗಲಿನ ಬಿಸಿಗೆ ಪಾದರಸ ಏರಿದಲ್ಲೇ ನಿಂತಿರುತ್ತಿತ್ತು. ಅಂಕಿ ಬರೆದುಕೊಂಡ ಮೇಲೆ ಅದನ್ನು ಕೊಡವಿ ಇಳಿಸಬೇಕು.

ಆ ದಿನ ಅಪ್ಪ ಓದದೆಯೇ ಕೊಡವಿಬಿಟ್ಟರು. ತಂಗಿಗೆ ಟೈಫಾಯ್ಡ್ ಬಂದು ಎರಡು ವಾರವಾಗಿತ್ತು. ಜ್ವರದ ಕಡ್ಡಿಯನ್ನು ಅವಳ ಬಾಯಿಗಿಡುವ ಮುಂಚೆ ಕೊಡವಿ ಕೊಡವಿ ಕೈಗೆ ಅದೇ ಅಭ್ಯಾಸವಾಗಿತ್ತು.

"ನಿನ್ನೇದೇ ಬರ್ದುಬಿಡಿ ಮೇಷ್ಟ್ರೇ. ಚಿಂತಾಮಣಿ ಬಿಸಿಲನ್ನ ಯಾರು ಬಂದು ಮುಟ್ಟಿ ನೋಡ್ತಾರೆ?" ಎಂದು ಪಕ್ಕದಲ್ಲಿದ್ದ ಸ್ಕೂಲಿನ ಗುಮಾಸ್ತರು ನಕ್ಕರು.

"ಇದು ಪುಣೆಯ ಹವಾಮಾನ ಕಚೇರಿಗೆ ಹೋಗಿ ಲೋಕದ ಲೆಕ್ಕಕ್ಕೆ ಸೇರುತ್ತೆ. ಐವತ್ತು ವರ್ಷದ ಮೇಲೆ, ಆಗ ಎಷ್ಟು ಸೆಕೆ ಇತ್ತು ಅಂತ ನೋಡೋರಿಗೆ ಸುಳ್ಳು ಹೇಳ್ದಂಗಾಗುತ್ತೆ" ಎಂದ ಅಪ್ಪ, ಅಂಕಿಯ ಜಾಗದಲ್ಲಿ ಅಡ್ಡಗೆರೆ ಎಳೆದರು.

ಮನೆಗೆ ಬಂದೊಡನೆ ತಂಗಿಯ ಜ್ವರ ನೋಡಿದರು. ಲಾಟೀನು ಹಿಡಿದಿದ್ದ ನನಗೂ ಕಾಣಿಸಿತು, ನೂರ ಐದು ದಾಟಿತ್ತು. ಎರಡು ದಿನದಿಂದ ಊಟ ಬಿಟ್ಟು ತಲೆದೆಸೆಯಲ್ಲಿ ಕೂತಿದ್ದ ಅಮ್ಮ, "ಎಷ್ಟಿದೆ ರೀ?" ಎಂದಳು.

"ನೂರು. ಇಳೀತಿದೆ ಕಣೇ. ಎದ್ದು ಒಂದು ತುತ್ತು ಉಣ್ಣು" ಎಂದ ಅಪ್ಪ, ನನ್ನ ಮುಖ ನೋಡದೆ ಕಡ್ಡಿ ಕೊಡವಿದರು.

ಅಮ್ಮ ಎದ್ದು ಹೋಗಿ ಮುದ್ದೆ ಮುರಿದಳು.

ಮೂರನೆಯ ದಿನ ತಂಗಿ ತೀರಿಕೊಂಡಳು. "ನೂರಕ್ಕೆ ಇಳಿದಿತ್ತಲ್ಲ, ಮಗು ಹೆಂಗೆ ಹೋಯ್ತು?" ಎಂದು ಅಮ್ಮ ಬಂದವರನ್ನೆಲ್ಲ ಕೇಳುತ್ತಿದ್ದಳು. ಅಪ್ಪ ಅಲ್ಲೇ ಕೂತಿರುತ್ತಿದ್ದರು.