ಗೆರೆಯ ಮೇಲೆ ಕೂತ ಚುಕ್ಕೆಗಳು

ಕೊಲೈಡರ್ ಯಂತ್ರದೊಳಗೆ ಕಣಗಳು ಭಾರೀ ವೇಗದಲ್ಲಿ ಡಿಕ್ಕಿ ಹೊಡೆದಾಗ ಯಾವ ಕಡೆಗೆ ಎಷ್ಟು ಚದುರುತ್ತವೆ ಎಂಬುದಕ್ಕೆ ಪ್ರೊಫೆಸರರು ಇಪ್ಪತ್ತು ವರ್ಷಗಳ ಹಿಂದೆ ಒಂದು ಸೂತ್ರ ಕಟ್ಟಿದ್ದರು. ಯಂತ್ರದ ಅಳತೆಗಳು ಆ ಸೂತ್ರಕ್ಕೆ ಹೊಂದುವುದಿಲ್ಲವೆಂದು ಬರೆದದ್ದಕ್ಕೆ ಅವರ ವಿದ್ಯಾರ್ಥಿನಿ ರತ್ನಮಾಲಾಳ ಪಿಎಚ್.ಡಿ. ಪ್ರಬಂಧ ಮೂರು ಸಲ ಸಹಿಯಿಲ್ಲದೆ ವಾಪಸಾಗಿತ್ತು. ಸಲ್ಲಿಸಲು ಇವತ್ತೇ ಕಡೆಯ ದಿನ.

ಹಾಳೆ ಮಗುಚುತ್ತಿದ್ದ ಪ್ರೊಫೆಸರರ ಕೈ ಒಂದು ಗ್ರಾಫಿನ ಮೇಲೆ ನಿಂತಿತು. ಅವರ ಸೂತ್ರದ ಗೆರೆಯ ಮೇಲೆ ಚುಕ್ಕೆಗಳೆಲ್ಲ ಸಾಲಾಗಿ ಕೂತಿದ್ದವು.

“ನೋಡಮ್ಮಾ! ಲೆಕ್ಕ ಸರಿಯಾಗಿ ಮಾಡು ಅಂತ ಎಷ್ಟು ಬಡ್ಕೊಂಡೆ. ಈಗ ಹೆಂಗೆ ಕೂತ್ಕೊಂಡ್ವು?”

“ಹೌದು ಸಾರ್. ಸಹಿ ಇಲ್ಲಿ.”

“ತಾ, ಐದೂ ಪ್ರತಿ ತಾ. ಈ ಗ್ರಾಫನ್ನ ದೊಡ್ಡದು ಮಾಡಿಸಿ ಬಾಗಿಲಿಗೆ ಅಂಟಿಸ್ಬೇಕು. ಇಷ್ಟು ವರ್ಷ ನಗ್ತಿದ್ದೋರೆಲ್ಲ ನೋಡ್ಲಿ. ಅಂದಹಾಗೆ, ಇವು ಯಾವ ವರ್ಷದ ಅಳತೆ?”

ಐದನೆಯ ಸಹಿ ಮುಗಿಯುವವರೆಗೆ ಅವಳು ಕಾದಳು. ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡಳು.

“ಅವು ಕೊಲೈಡರಿನವಲ್ಲ ಸಾರ್. ನನ್ನ ಪ್ರೋಗ್ರಾಂ ಸರಿಯಿದೆಯಾ ಅಂತ ನೋಡೋಕೆ ನಿಮ್ಮ ಸೂತ್ರದಿಂದಲೇ ಮಾಡ್ಕೊಂಡ ಚುಕ್ಕೆಗಳು. ಕೊಲೈಡರಿನವು ಮುಂದಿನ ಪುಟದಲ್ಲಿವೆ.”